ಹುಳುವಿನ ಮೈಬಿಸಿ ಅಳೆಯುವ ಸೂಜಿಗಳು

ನನ್ನ ಗೆಳತಿ ಸೋಮವಾರ ಬೆಳಿಗ್ಗೆ ತೀರಿಕೊಂಡಳು. ಶ್ವಾಸಕೋಶ ಕೆಟ್ಟಿತ್ತು. ಪ್ರಯೋಗಾಲಯದಿಂದ ಬಂದ ಹೂಗುಚ್ಛವನ್ನು ಅವಳ ತಂಗಿ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದಳು. ಒಳ್ಳೆಯದೇ ಮಾಡಿದಳು.

ಅಲ್ಪವಿರಾಮ ಚಿಹ್ನೆಯಷ್ಟೂ ಇಲ್ಲದ ನೀರುಹುಳುಗಳ ಮೈಬಿಸಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆಯುವುದು ಆ ಪ್ರಯೋಗಾಲಯದ ಕೆಲಸ. ಅದಕ್ಕೆ ಬೇಕಾದ ಸೂಜಿಗಳನ್ನು ಗೆಳತಿ ಮಾಡುತ್ತಿದ್ದಳು. ಗಾಜಿನ ನಳಿಕೆಯನ್ನು ಉರಿಯಲ್ಲಿ ಮೆತ್ತಗೆ ಮಾಡಿ ಎಳೆದು, ಕೂದಲೂ ಹಗ್ಗವೆನಿಸುವಂಥ ತುದಿ ತೆಗೆದು, ಬಿಸಿ ಗುರುತಿಸುವ ಲೋಹದ ಚುಕ್ಕೆಯನ್ನು ಅಲ್ಲಿ ಕೂರಿಸಬೇಕು. ತುದಿ ಇದೆಯೋ ಮುರಿದಿದೆಯೋ ಬರಿಗಣ್ಣಿಗೆ ತಿಳಿಯದು. ಎಳೆಯುವಾಗ ಯಾರಾದರೂ ಸೀನಿದರೆ ಅವರ ವಂಶವನ್ನೆಲ್ಲ ಎತ್ತಿ ಆಡುವಳು. ಅಲ್ಲಿಯವರು ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು.

ತಂಗಿಯನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. ಗಾಜಿನ ಪಟ್ಟಿಯ ಮೇಲೆ ಹುಳುವಿಟ್ಟು ಕೊಡುವುದು ತಂಗಿಯ ಕೆಲಸ. ಒಮ್ಮೆ ಮುಖ್ಯಸ್ಥರು ಅತಿಥಿಗಳಿಗೆ ಅಳೆದು ತೋರಿಸುವಾಗ ಬಿಸಿ ಸುಮ್ಮಸುಮ್ಮನೆ ಏರಿತು. ಪಟ್ಟಿಯ ಮೇಲೆ ಬಗ್ಗಿ ಬಗ್ಗಿ ವಿವರಿಸುತ್ತಿದ್ದವರು ಅವರೇ. ಏರಿದ್ದು ಅವರ ಉಸಿರಿಗೆ. ಆದರೂ ಅವರು ನಗುತ್ತ, “ಈ ಹುಡುಗಿ ಮುಟ್ಟಿದ್ದಕ್ಕೆಲ್ಲ ಜ್ವರ ಬರುತ್ತೆ” ಅಂದರು. ಎಲ್ಲರೂ ನಕ್ಕರು. ಸ್ವಲ್ಪ ದಿನದಲ್ಲೇ ಅವಳನ್ನು ತೆಗೆದುಹಾಕಿದರು. ಬೇರೆ ಕಡೆ ಕೆಲಸ ಕೇಳಲು ಹೋದರೆ ಆ ಮಾತು ಅವಳಿಗಿಂತ ಮೊದಲೇ ತಲುಪಿರುತ್ತಿತ್ತು. ಈಗಲೂ ಯಾರಿಗಾದರೂ ಲೋಟ ಕೊಟ್ಟ ಕೂಡಲೇ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾಳೆ.

ಅಕ್ಕ ಮಾತ್ರ ಕೆಲಸ ಬಿಡಲಿಲ್ಲ. ಬಿಟ್ಟರೆ ಅವರಿಗೆ ಹಾಯಾಗಿಬಿಡುತ್ತದೆ ಅನ್ನುತ್ತಿದ್ದಳು. ಸೂಜಿ ಎಳೆಯುವುದನ್ನು ಯಾರಿಗೂ ಕಲಿಸಲಿಲ್ಲ. ಕಾಯಿಲೆ ಬಲಿಯುವ ಮುಂಚೆ ಒಂದು ಡಬ್ಬಿ ತುಂಬ ಮಾಡಿ ಮಂಚದ ಕೆಳಗಿಟ್ಟುಕೊಂಡಳು, ಮುಖ್ಯಸ್ಥರು ಬಂದೇ ಬರುತ್ತಾರೆಂದು. ತಂಗಿಯ ಹತ್ತಿರ ತಪ್ಪಾಯಿತು ಅಂದರೆ ಕೊಡುತ್ತೇನೆ, ಇಲ್ಲವಾದರೆ ನೋಡು ಎಂದು ನನಗೆ ಹೇಳಿದ್ದಳು.

ಭಾನುವಾರ ಅವರು ಬಂದರು. ಗುರುವಾರಕ್ಕೆ ದೊಡ್ಡ ಪ್ರದರ್ಶನವಿತ್ತು, ಅವರ ಬಳಿ ಒಂದೂ ಸೂಜಿ ಉಳಿದಿರಲಿಲ್ಲ. ತಂಗಿ ಚಹಾ ತಂದಿಟ್ಟಳು. ಸಕ್ಕರೆ ಕಡಿಮೆಯಿರಲಿ ಎಂದರು, ಮುಖ ನೋಡದೆ.

“ಇವಳ ಗುರುತು ಸಿಕ್ತಾ ಸರ್?” ಗೆಳತಿ ಕೇಳಿದಳು.

ಅವರು ಕನ್ನಡಕ ಸರಿಮಾಡಿಕೊಂಡರು. “ನಿಮ್ಮನ್ನ ನೋಡ್ಕೊಳ್ಳೋಕೆ ಇಟ್ಕೊಂಡಿದೀರಾ? ಒಳ್ಳೇದಾಯ್ತು ಬಿಡಿ.”

ಗೆಳತಿ ನಕ್ಕಳು. ಸೂಜಿಗಳನ್ನು ಇವನ ಕೈಲಿ ಕಳಿಸುತ್ತೇನೆ ಎಂದು ನನ್ನನ್ನು ತೋರಿಸಿದಳು.

ಮಂಗಳವಾರ ಡಬ್ಬಿ ತಲುಪಿಸಿದೆ. ಗುರುವಾರ ತುಂಬಿದ ಸಭೆಯಲ್ಲಿ, ಗೋಡೆಯಗಲದ ತೆರೆಯ ಮೇಲೆ, ಒಂದಾದ ಮೇಲೊಂದು ಮೊಂಡು ಸೂಜಿ ಕಂಡಿತಂತೆ. ಮುಖ್ಯಸ್ಥರು ಬೆವೆತುಹೋದರಂತೆ. ಹಿಂದಿನ ಸಾಲಿನಿಂದ ಯಾರೋ, “ಹುಳು ಬಿಡಿ ಸರ್, ನಿಮ್ಮ ಹಣೆ ಮುಟ್ಟಿ ನೋಡ್ಕೊಳ್ಳಿ” ಅಂದರಂತೆ. ಆ ನಗು ಕೇಳಲು ಅವಳಿರಲಿಲ್ಲ ಎಂಬುದೊಂದೇ ನನ್ನ ಸಂಕಟ.

ಆ ಭಾನುವಾರ ಮುಖ್ಯಸ್ಥರ ಕಾರು ಹೊರಟ ಮೇಲೆ ಅವಳು ದಿಂಬಿಗೊರಗಿ ಕೂತು ತನ್ನ ಹಳೆಯ ಸೂಕ್ಷ್ಮದರ್ಶಕ ತರಿಸಿಕೊಂಡಳು. ಒಂದೊಂದೇ ಸೂಜಿಯನ್ನು ಮಸೂರದ ಕೆಳಗೆ ಹಿಡಿದು, ತುದಿಯನ್ನು ಗಾಜಿನ ಅಂಚಿಗೆ ತಾಗಿಸಿದಳು. ಸದ್ದೇ ಇಲ್ಲ. ಮಗುವಿನ ಉಗುರು ತೆಗೆಯುವಷ್ಟು ನಾಜೂಕು. ನಡುವೆ ಉಸಿರು ಸಾಲದೆ ನಿಲ್ಲುವಳು, ಮತ್ತೆ ಬಗ್ಗುವಳು.

ತಂಗಿ ಕೈ ಚಾಚಿದಳು. “ಒಂದು ನಾನು ಮುರೀಲಾ ಅಕ್ಕಾ?”

“ಬೇಡಮ್ಮ. ನೀನು ಮುಟ್ಟಿ ಕೆಡ್ತು ಅಂತ ಇನ್ನೊಂದ್ಸಲ ಯಾರೂ ಹೇಳಬಾರದು.”

ಉಳಿದಿದ್ದನ್ನೂ ತಾನೇ ಮುರಿದಳು. ಎಲ್ಲವನ್ನೂ ಹತ್ತಿಯ ಮೇಲೆ ಸಾಲಾಗಿ ಮಲಗಿಸಿ, ಮುಚ್ಚಳ ಒತ್ತಿ, ಡಬ್ಬಿಯನ್ನು ನನ್ನ ಕೈಗಿಟ್ಟಳು.