ಟೊಳ್ಳು ಕಾಲಿನ ಮೇಲೆ ಗುಮಾನಿ

'ಬಿ.ಎ. ಓದಿದರೇನಯ್ಯಾ, ಬಂದೂಕು ಸಂಘದ ಸರ್ಟಿಫಿಕೇಟು ಈ ಜನ್ಮದಲ್ಲಿ ನಿನಗೆ ಸಿಗುವುದಿಲ್ಲ' ಎಂದವರು ಗಣಿ ಆಫೀಸಿನ ಹೆಡ್ ಗುಮಾಸ್ತರು. ಪಕ್ಕದಲ್ಲಿದ್ದ ನನ್ನ ಸೋದರಮಾವ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತ ನಿಂತ. ಆ ಎರಡು ಬೆರಳ ತುದಿ ಗೆರೆಯೇ ಇಲ್ಲದಂತೆ ಸವೆದಿದ್ದವು. ಪಾಳಿ ಮುಗಿಸಿ ಬಂದವರ ಪೇಟದ ಮಡಿಕೆ, ಚಡ್ಡಿಯ ಹೊಲಿಗೆ, ಬುತ್ತಿ ಡಬ್ಬದ ತಳ ತಡವಿ ತಡವಿ ಬಂದ ನುಣುಪು ಅದು. ಗಣಿಯ ಗೇಟಿನಲ್ಲಿ ಅವನದು ತಪಾಸಣೆಯ ಕೆಲಸ. ಕದ್ದ ಚಿನ್ನ ಹುಡುಕುವುದು.

ಮನೆಗೆ ಬಂದರೂ ಆ ಗುಣ ಬಿಡುತ್ತಿರಲಿಲ್ಲ. ಹಾಲಿನವಳ ತಂಬಿಗೆಯನ್ನು ಬೋರಲು ಹಾಕಿ ತಟ್ಟುವನು. ನೆಂಟರು ತಂದ ಹಲಸಿನ ಹಣ್ಣನ್ನೂ ಸುತ್ತ ತಿರುಗಿಸಿ ನೋಡುವನು. ಅಮ್ಮ ರೇಗಿದರೆ, 'ಅಕ್ಕಾ, ನಗೋ ಮೊಕಕ್ಕೇ ಜೋಬು ಜಾಸ್ತಿ' ಎನ್ನುವನು.

ಬಂಗಾರಪೇಟೆ ಕಡೆಯ ನಮ್ಮ ವಂಶದಲ್ಲಿ ಪದವಿ ಕಂಡ ಮೊದಲಿಗ ನಾನು. ಹೆಮ್ಮೆಯಿಂದಲೇ ಬರೆಯುತ್ತೇನೆ. ಗಣಿಯ ಕಾವಲು ಕಚೇರಿಯಲ್ಲೊಂದು ಹುದ್ದೆ ಖಾಲಿಯಿತ್ತು. ಅದಕ್ಕೆ ಪದವಿಯೊಂದೇ ಸಾಲದು, ಸಣ್ಣ ಗುಂಡಿನ ರೈಫಲಿನಲ್ಲಿ ಗುರಿ ಹೊಡೆದು ಸಂಘದ ಸರ್ಟಿಫಿಕೇಟೂ ತರಬೇಕು. ಕಾಲೇಜಿನ ಕವಾಯತಿನಲ್ಲಿ ರೈಫಲ್ ಹಿಡಿದು ಅಭ್ಯಾಸವಿತ್ತು. ಇಲ್ಲಿ ಮಾತ್ರ ನೆಲಕ್ಕೆ ಮಲಗಿ, ರೈಫಲಿನ ಮುಂಭಾಗವನ್ನು ಎರಡು ಕಾಲಿನ ಕವೆಯ ಮೇಲೆ ಊರಿ ಹೊಡೆಯಬೇಕಿತ್ತು. ಆ ಕವೆಗಾಲನ್ನು ನಾವೇ ತರಬೇಕು.

ಅದೇ ಹೆಡ್ ಗುಮಾಸ್ತರು ಒಂದು ದಿನ ಕರೆದು ಇಂಗ್ಲೆಂಡ್ ಸೀಮೆಯಿಂದ ಬಂದ ಕವೆಗಾಲೊಂದನ್ನು ಕೊಟ್ಟರು. ಕೊಳವೆಯ ಕಾಲು, ಮಡಿಸಿದರೆ ಬಗಲಲ್ಲಿ ಅಡಗುತ್ತಿತ್ತು. 'ಇಟ್ಟುಕೊಳ್ಳಪ್ಪಾ, ಅಭ್ಯಾಸ ಮಾಡಿಕೋ' ಎಂದರು. ಅದೇ ಹುದ್ದೆಗೆ ಅವರ ಭಾವಮೈದುನನೂ ಅರ್ಜಿ ಹಾಕಿದ್ದ. ಖುಷಿಯಲ್ಲಿ ನನಗದು ಹೊಳೆಯಲಿಲ್ಲ. ಗೇಟಿನಲ್ಲಿ ಮಾವ ತಡೆದ.

'ಯಾರ್ಲಾ ಕೊಟ್ಟಿದ್ದು?'

'ಹೆಡ್ ಗುಮಾಸ್ತರು. ಸುಮ್ನೆ ಕೊಟ್ರು.'

'ಸುಮ್ನೆ ಕೊಡಾಕೆ ಅವ್ರೇನು ನಿಮ್ಮಪ್ಪನಾ?'

ಸಾಲಿನಲ್ಲಿ ಹಿಂದಿದ್ದವನೊಬ್ಬ ಕೂಗಿದ: 'ಮಗಳ್ನ ಕೊಡೋಕ್ ಮುಂಚೆ ಅಳಿಯನ್ನ ಚೆನ್ನಾಗ್ ತಡವ್ಬುಡಿ ಜಮೇದಾರ್ರೇ!'

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಇಕ್ಕಳ ತಂದು ಕಾಲುಗಳ ತುದಿ ತಿರುಚಿ ಬಿಚ್ಚಿದ. ಕಡ್ಡಿ ತೂರಿಸಿ ಕೆದಕಿದ. ಒಳಗೇನೂ ಇರಲಿಲ್ಲ. ಆದರೆ ಒಂದು ತುದಿಯ ತಿರುಪು ಹಾಳಾಗಿ ಮತ್ತೆ ಕೂರಲೇ ಇಲ್ಲ.

'ನನ್ ಕೆಲ್ಸಕ್ಕೆ ಕಲ್ ಹಾಕ್ಬುಟ್ಟೆ ಮಾವ!' ಎಂದು ಅರಚಿದೆ.

'ಇವತ್ತು ಏನೂ ಇಲ್ಲ. ಪರೀಕ್ಸೆ ದಿನ ಇದ್ರೊಳಗೆ ಏನ್ ಕೂತಿರ್ತದೋ ಯಾರ್ ಕಂಡವ್ರೆ? ಒಂದ್ ಚೂರು ಚಿನ್ನ ಸಿಕ್ಕುದ್ರೂ ಜೈಲು ಕಣ್ಲಾ. ವಾಪಸ್ ಕೊಟ್ಬುಟ್ಟು ಬಾ ಓಗು.'

ಕೊಟ್ಟು ಬಂದೆ. ಮಾವ ನನ್ನನ್ನು ಮಾರಿಕುಪ್ಪಂನ ಕಮ್ಮಾರನ ಹತ್ತಿರ ಕರೆದೊಯ್ದ. ಅಲ್ಲಿದ್ದ ಮರದ ಕವೆ ಹಗುರವಾಗಿತ್ತು, ಆದರೆ ಅದರ ಗಂಟಿನ ಮೇಲೆ ಮಾವನಿಗೆ ಗುಮಾನಿ. ಕೊನೆಗೆ ಗಟ್ಟಿ ಕಬ್ಬಿಣದ ಸರಳು ಬಗ್ಗಿಸಿದ್ದನ್ನು ಆರಿಸಿದ. ತೋಳು ನೋಯುವಷ್ಟು ಭಾರ.

'ಇದು ಗುರಿಗೆ ಒಳ್ಳೇದಾ ಮಾವ?'

'ಗುರಿ ನೀನ್ ನೋಡ್ಕೋ. ಇದ್ರೊಳಕ್ಕೆ ಇರುವೇನೂ ತೂರಾಕಿಲ್ಲ, ನಂಗಷ್ಟು ಸಾಕು.'

ಪರೀಕ್ಷೆಯ ದಿನ ಗಣಿಯೊಳಗಿನ ಮೈದಾನದಲ್ಲಿ ಕವೆಯ ಎತ್ತರಕ್ಕೆ ಹೊಂದಲು ಎದೆಯ ಕೆಳಗೆ ಗೋಣಿಚೀಲ ಮಡಿಸಿಟ್ಟು ಮಲಗಿದೆ. ಮೊದಲ ಗುಂಡು ಗುರಿಹಲಗೆಗೇ ತಾಗಲಿಲ್ಲ. ಉಸಿರು ಬಿಗಿಹಿಡಿದು ಉಳಿದವನ್ನು ಗುರಿಗೆ ಹೊಡೆದೆ. ಹೊರಗೆ ಬರುವಾಗ ಗೇಟಿನಲ್ಲಿ ಮಾವನ ಬದಲು ಬೇರೊಬ್ಬನಿದ್ದ. ಅವನು ನನ್ನ ಜೇಬು ಮುಟ್ಟಲಿಲ್ಲ, ನೇರ ಕವೆಗಾಲಿಗೇ ಕೈ ಹಾಕಿದ.

'ಟೊಳ್ಳು ಕಾಲಿಂದು ಎಲ್ಲಿ? ಅದುನ್ನ ಬಿಚ್ಚಿ ನೋಡು ಅಂದವ್ರೆ.'

'ಯಾರು?'

ಅವನು ಗಟ್ಟಿ ಸರಳನ್ನು ಬೆರಳಿಂದ ತಟ್ಟಿ ನೋಡಿ ನನ್ನನ್ನು ಬಿಟ್ಟ. ಅವತ್ತಿನ ರಂಪ ಕಂಡ ಯಾರಾದರೂ ಚಾಡಿ ಹೇಳಿದ್ದರೋ, ಮಾವ ಹೆದರಿದ್ದೇ ನಿಜವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಾವ ಮಾತ್ರ ಸಾಯುವ ತನಕ ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸುತ್ತಿದ್ದ.

ಸಂಘದ ದೊರೆ ಸರ್ಟಿಫಿಕೇಟನ್ನು ನನ್ನ ಕೈಗಿತ್ತಾಗ ಹೆಡ್ ಗುಮಾಸ್ತರೇ ಮೊದಲು ಚಪ್ಪಾಳೆ ತಟ್ಟಿದರು. ಅದನ್ನು ತಂದು ಮಾವನಿಗೆ ಕೊಟ್ಟೆ. ಅಂಗೈಯನ್ನು ಖಾಕಿ ಅಂಗಿಗೆ ಒರೆಸಿಕೊಂಡು ಹಿಡಿದ. ಓದು ಬಾರದು, ಆದರೂ ಬಹಳ ಹೊತ್ತು ನೋಡಿದ.

'ಕೆಲ್ಸ ಸಿಕ್ತು ಅನ್ಕೋ,' ಎಂದ. 'ಒಂದ್ ಮಾತು, ಅಳಿಯ. ನಾಳಿಂದ ನೀನೂ ನನ್ ಗೇಟಲ್ಲಿ ಕೈ ಎತ್ಕಂಡು ನಿಲ್ಬೇಕಾಯ್ತದೆ. ಬಿ.ಎ. ಅಂತ ಬುಡಾಕಿಲ್ಲ ನಾನು.'