ಮಂಚದ ಕೆಳಗಿನ ಬುಟ್ಟಿ

ಮಸಗುಪ್ಪಿಯ ಸಾವಂತ್ರೆವ್ವನಿಗೆ ಇರುವುದು ಒಂದೇ ಜವಾರಿ ಕೋಳಿ. ಅದು ಒಳಖೋಲಿಯ ಮಂಚದ ಕೆಳಗಿನ ಹಳೆಯ ಬುಟ್ಟಿ ಬಿಟ್ಟು ಬೇರೆಲ್ಲೂ ತತ್ತಿ ಇಡುವುದಿಲ್ಲ. ಬುಟ್ಟಿ ಸರಿಸಿದರೆ ಮುನಿದು ನೆರೆಮನೆ ಅಲ್ಲವ್ವನ ಬಣವೆಯಲ್ಲಿ ಇಟ್ಟು ಬರುತ್ತದೆ. ಹಾಗಾಗಿ ಸೊಸೆ ಪೂನಮ್ ಹೆತ್ತು ಆ ಮಂಚದ ಮೇಲೆ ಮಲಗಿದಾಗಲೂ ಸಾವಂತ್ರೆವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟಳು.

ಬಾಣಂತನ ತವರಿನಲ್ಲಿ ಆಗಬೇಕಿತ್ತು. ಆದರೆ ಕಣಗಲಾದಲ್ಲಿ ಪೂನಮ್‌ಳ ತಾಯಿ ಶೈಲಾ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. “ಚಿಂತಿ ಮಾಡಬ್ಯಾಡ್ರಿ ಬೀಗತಿ, ನನ್ನ ಮಗಳಂಗ ನೋಡ್ಕೊತೀನಿ,” ಎಂದು ಸಾವಂತ್ರೆವ್ವ ಫೋನಿನಲ್ಲಿ ಮಾತು ಕೊಟ್ಟಳು. ಸಂತೆಗೆ ಒಯ್ಯುತ್ತಿದ್ದ ತತ್ತಿಗಳನ್ನೆಲ್ಲ ಸೊಸೆಗೆಂದೇ ಬಿಟ್ಟಳು. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕಬ್ಬಿನ ಕಳೆ ತೆಗೆಯಲು ಹೊರಡುವ ಮುಂಚೆ ಒಳಗೆ ಹಣಿಕಿ ಹಾಕುವಳು.

“ಕೋಳಿ ತತ್ತಿ ಇಟ್ಟಕೂಡ್ಲೆ ಕುದಿಸ್ಕೊಂಡು ತಿನ್ನವ್ವ.”

ಸಂಜೆ ಬಂದು, “ತಿಂದಿಯೇನವ್ವ?”

“ಹ್ಞೂಂರಿ ಅತ್ತಿ.”

ಆದರೂ ಪೂನಮ್ ಸೊರಗುತ್ತಲೇ ಇದ್ದಳು. ಕೆನ್ನೆ ಒಳಗೆ ಹೋದವು, ಕೂಸಿಗೆ ಹಾಲು ಸಾಲದಾಯಿತು. ಬರುವ ಐತವಾರ ಶೈಲಾ ಮೊಮ್ಮಗಳನ್ನು ನೋಡಲು ಬರುವವರಿದ್ದರು. ಮಗಳ ಮುಖ ಕಂಡು, ಅತ್ತೆ ಉಪವಾಸ ಕೆಡವಿದಳೆಂದು ತಿಳಿದರೆ? ಸಾವಂತ್ರೆವ್ವನಿಗೆ ಅದೇ ಒಂದು ಕೊರಗು.

ಅಂಥದ್ದರಲ್ಲಿ ಕೋಳಿ ಕಾವಿಗೆ ಕೂತುಬಿಟ್ಟಿತು.

“ಇನ್ನ ತತ್ತಿ ನಿಂತ್ವು ತಗೋ,” ಎಂದಳು ಅಲ್ಲವ್ವ. “ನಿನ್ನ ಸೊಸಿನ್ನ ನೋಡಿ ಅದಕ್ಕೂ ಬಾಣಂತನ ಬೇಕಾಗೇತಿ! ತಣ್ಣೀರಾಗ ಹೊಟ್ಟಿ ಅದ್ದು, ಕಾವು ಇಳೀತೈತಿ.”

ಸಾವಂತ್ರೆವ್ವ ಬಕೆಟ್ ತುಂಬಿದಳು. ಆದರೆ ಮನಸ್ಸಿನಲ್ಲಿ ಏನೋ ಕೊರೆಯುತ್ತಿತ್ತು. ಖಾಲಿ ಬುಟ್ಟಿಯಲ್ಲೂ ಹಟ ಹಿಡಿದು ಕೂರುವ ಕೋಳಿಗಳುಂಟು, ಇದು ಅಂಥದ್ದಲ್ಲ. ದಿನಾ ತತ್ತಿ ತೆಗೆದರೆ ಇದು ಇಡುತ್ತಲೇ ಹೋಗುತ್ತಿತ್ತು. ತತ್ತಿ ಗುಂಪಾಗಿ, ಹೊಟ್ಟೆಗೆ ತಾಗುವಷ್ಟಾದಾಗ ಮಾತ್ರ ಇಡುವುದು ಬಿಟ್ಟು ಕೂರುತ್ತಿತ್ತು. ಬಾಣಂತಿಯ ಖೋಲಿಯಲ್ಲಿ ಕತ್ತಲೆ ಇತ್ತು, ಕೆಂಡದ ಬಿಸಿ ಇತ್ತು, ಅದೆಲ್ಲ ಸರಿ. ಸೊಸೆ ದಿನಾ ತಿನ್ನುತ್ತಿದ್ದರೆ ಬುಟ್ಟಿಯಲ್ಲಿ ತತ್ತಿ ಎಲ್ಲಿಂದ ಬಂದವು?

ಬಗ್ಗಿ ಕೈ ಹಾಕಿದಳು. ಕೋಳಿ ಪುಕ್ಕ ಉಬ್ಬಿಸಿ, ಕಿರ್ರೆಂದು ಕುಟುಕಿತು. ಎತ್ತಿ ನೋಡಿದರೆ ಕೆಳಗೆ ಬುಟ್ಟಿಯ ತುಂಬ ತತ್ತಿ.

ಮಂಚದ ಮೇಲೆ ಪೂನಮ್ ಗೋಡೆಯ ಕಡೆ ಹೊರಳಿದಳು.

ಸಾವಂತ್ರೆವ್ವ ಕೋಳಿಯನ್ನು ಮೆಲ್ಲಗೆ ಮತ್ತೆ ಬುಟ್ಟಿಯಲ್ಲಿ ಕೂರಿಸಿದಳು. ಬಕೆಟ್ ನೀರನ್ನು ಕರಿಬೇವಿನ ಗಿಡಕ್ಕೆ ಸುರಿದು ಬಂದು ಮಂಚದ ಅಂಚಿಗೆ ಕೂತಳು. ಸೊಸೆಯೇ ಬಾಯಿ ಬಿಟ್ಟಳು.

“ತತ್ತಿ ವಾಸನಿಗೆ ವಾಂತಿ ಬಂದಂಗ ಆಕ್ಕೈತ್ರಿ ಅತ್ತಿ. ಬರೇ ರೊಟ್ಟಿ ತಿಂದರೂ ಅದ ವಾಸನಿ ಬಂದಂಗ. ನೀವು ಸಂತಿ ಬಿಟ್ಟು ನನಗಂತ ಇಟ್ಟೀರಿ. ಒಲ್ಲೆ ಅಂತ ಹ್ಯಾಂಗ ಹೇಳಲಿ?”

“ಹುಚ್ಚಿ! ನಾ ಏನ್ ಹುಲಿ ಅದೀನೇನ?”

“ಅಲ್ರಿ. ಹುಲಿ ಆಗಿದ್ದರ ಹೇಳತಿದ್ದೆ.”

ಸಾವಂತ್ರೆವ್ವನಿಗೆ ನಗು ಬಂತು, ಕಣ್ಣೂ ತುಂಬಿದವು. “ಏನ್ ಸೇರ್ತೈತಿ, ಅದನ್ನರ ಹೇಳು.”

“ಅಂಟಿನುಂಡಿ.”

ಅಂದೇ ಮಗ ಲಖನ ಆಟೋ ಓಡಿಸಿ ಮನೆಗೆ ಬರುವಾಗ ಗೋಕಾಕ ಪೇಟೆಯಿಂದ ಅಂಟು, ಖಾರೀಕು, ಒಣಕೊಬ್ಬರಿ ತಂದ. ಸಾವಂತ್ರೆವ್ವ ಉಂಡಿ ಕಟ್ಟುವಾಗ ಮನೆ ತುಂಬ ತುಪ್ಪದ ಘಮ.

ಐತವಾರ ಶೈಲಾ ಕೋಲು ಊರುತ್ತ ಬಂದರು. ಅವರು ಕೇಳುವ ಮೊದಲೇ ಸಾವಂತ್ರೆವ್ವ ಹೇಳಿದಳು: “ನಿಮ್ಮ ಮಗಳು ಸೊರಗ್ಯಾಳ್ರಿ ಬೀಗತಿ. ದಿನಾ ತಿಂದಿಯೇನ ಅಂತ ಕೇಳಿದೆ. ಸೇರ್ತೈತೇನ ಅಂತ ಒಂದಿನಾನೂ ಕೇಳಲಿಲ್ಲ.” ತತ್ತಿಯ ಕತೆಯನ್ನೂ ಮುಚ್ಚಿಡಲಿಲ್ಲ.

ಶೈಲಾ ಮಗಳನ್ನು ನೋಡಿದರು, ಸಾವಂತ್ರೆವ್ವನನ್ನು ನೋಡಿದರು. “ಸಣ್ಣಾಕಿ ಇದ್ದಾಗೂ ನನ್ನ ಕಣ್ಣು ತಪ್ಪಿಸಿ ತತ್ತಿ ನಾಯಿಗೆ ಹಾಕ್ತಿದ್ದಳ್ರಿ. ನಾನ ನಿಮಗ ಹೇಳಬೇಕಿತ್ತು,” ಎಂದು ನಕ್ಕರು. ಆಮೇಲೆ, “ಎಲ್ಲೈತಿ ಆ ಬುಟ್ಟಿ?” ಎನ್ನುತ್ತ ಬಗ್ಗಿ ಕೈ ಚಾಚಿದರು.

“ಮುಟ್ಟಬ್ಯಾಡವ್ವಾ, ಕುಟುಕತೈತಿ!” ಎಂದಳು ಪೂನಮ್, ಬಾಯಿ ತುಂಬ ಉಂಡಿ ತುಂಬಿಕೊಂಡು.