ಲಗ್ನಪತ್ರಿಕೆಯ ಹಿಂಬದಿಯ ತ್ರಿಕೋಣಗಳು

ನಮ್ಮ ಯಜಮಾನರು ಹೈಸ್ಕೂಲಿನ ಕೊನೆಯ ಪರೀಕ್ಷೆಯಲ್ಲಿ ಗಣಿತಕ್ಕೆ ಡುಮ್ಕಿ ಹೊಡೆದವರು. ಈ ಮಾತನ್ನು ಮಕ್ಕಳು ಮೊಮ್ಮಕ್ಕಳ ಮುಂದೆ ಎತ್ತಬಾರದು ಎಂದು ಅವರು ಇದ್ದಷ್ಟು ದಿನ ನಮ್ಮಿಬ್ಬರಲ್ಲಿ ಒಪ್ಪಂದವಿತ್ತು. ಈಗ ಅವರಿಲ್ಲ, ಒಪ್ಪಂದವೂ ಇಲ್ಲ. ನಾನು ಕಂಪ್ಲಿಯಿಂದ ಹೊಸಪೇಟೆಗೆ ಗಂಡನ ಮನೆಗೆ ಬಾಳಲು ಬಂದಾಗ ಅವರು ಎರಡನೆಯ ಸಲ ಅದೇ ಪರೀಕ್ಷೆಗೆ ಓದುತ್ತಿದ್ದರು. ನನಗೆ ಹದಿನೈದು ತುಂಬಿತ್ತು, ಅವರಿಗೆ ಆಗತಾನೆ ಮೀಸೆ ಮೂಡುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆಯೂ ಸಿಗುತ್ತಿರಲಿಲ್ಲ, ಕಾಗದವೂ ಸಿಗುತ್ತಿರಲಿಲ್ಲ.

ಮಾವನವರದು ಪೇಟೆಯಲ್ಲಿ ಅಕ್ಕಿ ಅಂಗಡಿ. ಮಾತು ಕಡಿಮೆ, ಆಡಿದರೆ ಅದಕ್ಕೆ ತಿದ್ದುಪಡಿ ಇಲ್ಲ. "ಈ ಸಲ ಪಾಸಾದ್ರ ಬಳ್ಳಾರ್ಯಾಗ ನೌಕರಿ ಕೊಡಸ್ತೀನಿ, ಇಬ್ರೂ ಹೋಗಿ ಅಲ್ಲೇ ಮನಿ ಮಾಡ್ಕೊಂಡು ಇರ್ರಿ. ಇಲ್ಲಂದ್ರ ಮಾರನೇ ದಿನದಿಂದ ತಕ್ಕಡಿ ಹಿಡಿ," ಎಂದು ಊಟದ ಹೊತ್ತಿನಲ್ಲಿ ಮಗನಿಗೆ ಹೇಳಿದ್ದನ್ನು ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ. ಆ ಕ್ಷಣವೇ ಮನಸ್ಸಿನೊಳಗೆ ಬಳ್ಳಾರಿಯಲ್ಲಿ ನನ್ನದೇ ಒಲೆ ಹೂಡಿಬಿಟ್ಟೆ. ಯಾವ ಗೂಡಿನಲ್ಲಿ ಉಪ್ಪಿನ ಗಡಿಗೆ, ಯಾವ ಮೂಲೆಯಲ್ಲಿ ನೀರಿನ ಹಂಡೆ, ಎಲ್ಲಾ ಗೊತ್ತು ಮಾಡಿಕೊಂಡಿದ್ದೆ. ಇನ್ನು ಉಳಿದದ್ದು ಇವರು ಗಣಿತದಲ್ಲಿ ಪಾಸಾಗುವುದೊಂದೇ.

ಗಣಿತದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮಾಸ್ತರು ಅರ್ಧ ಕನ್ನಡದಲ್ಲಿ ಹೇಳಿ ಉಳಿದರ್ಧವನ್ನು ಬೆತ್ತದಿಂದ ತಿಳಿಸುತ್ತಿದ್ದರು. ಹೀಗಾಗಿ ಹುಡುಗರೆಲ್ಲ ಯಾರದಾದರೂ ಒಳ್ಳೆಯ ನೋಟ್ಸಿಗೆ ಜೋತುಬೀಳುತ್ತಿದ್ದರು. ನಮ್ಮವರು ತಂದದ್ದು ಒಂದು ಹುಡುಗಿಯ ನೋಟ್ಸು. ಇಡೀ ತರಗತಿಗೆ ಇದ್ದ ಒಬ್ಬಳೇ ಹುಡುಗಿ ಅವಳು. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರ ಮಗಳು, ನಮ್ಮ ಓಣಿಯ ಕೊನೆಯ ಮನೆಯವಳು. ರೇಖಾಗಣಿತದ ಪ್ರಮೇಯಗಳನ್ನೆಲ್ಲ ಸಲೀಸಾದ ಕನ್ನಡಕ್ಕೆ ಇಳಿಸಿ ಬರೆದಿಟ್ಟಿದ್ದಳು. ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ಎಲ್ಲರೂ ಹೊಗಳುತ್ತಿದ್ದರು. ನನ್ನ ಕಣ್ಣಿಗೆ ಸಾಬುದಾಣಿಯ ಹಾಗೆ ಕಂಡವು.

"ನೋಡಿಲ್ಲಿ, ಎಷ್ಟು ಚೆಂದ ಬರದಾಳ," ಎಂದು ಇವರು ಹಾಳೆಯನ್ನು ನನ್ನ ಮುಂದೆ ಹಿಡಿದರು.

ನಾನು ಬಂದು ಅಷ್ಟು ದಿನವಾಗಿತ್ತು. ನನ್ನ ಸೀರೆ, ನನ್ನ ಜಡೆ, ಬೆವರು ಸುರಿಸಿ ಮಾಡಿದ ಎಣಗಾಯಿ, ಯಾವುದಕ್ಕೂ ಆ ಬಾಯಿಂದ 'ಚೆಂದ' ಎಂಬ ಮಾತು ಬಿದ್ದಿರಲಿಲ್ಲ. ಮೊದಲ ಸಲ ಬಿತ್ತು, ಅದೂ ಇನ್ನೊಬ್ಬಳ ಅಕ್ಷರಕ್ಕೆ. ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದಂತಾಯಿತು. ಸುಳ್ಳು ಯಾಕೆ ಹೇಳಲಿ, ಆ ಹುಡುಗಿಯ ಮುಖವನ್ನೇ ಸರಿಯಾಗಿ ನೋಡದೆ ನಾನು ಅವಳ ಮೇಲೆ ಹಲ್ಲು ಮಸೆಯತೊಡಗಿದೆ.

ಅದಕ್ಕೆ ಕಾರಣವೂ ಇತ್ತು. ಪರೀಕ್ಷೆ ಕಣ್ಣೆದುರಿಗೆ ಬಂದಿರುವಾಗ ಯಾರಾದರೂ ತಮ್ಮ ನೋಟ್ಸನ್ನು ಇನ್ನೊಬ್ಬರ ಕೈಗೆ ಕೊಟ್ಟು ಸುಮ್ಮನೆ ಕೂಡುತ್ತಾರೆಯೇ? ನಮ್ಮವ್ವ ಬೇಸಿಗೆಯಲ್ಲಿ ಪಕ್ಕದ ಮನೆಗೆ ಒಂದು ಕೊಡಪಾನ ನೀರನ್ನೂ ಕೊಡುತ್ತಿರಲಿಲ್ಲ.

"ಮತ್ತ ಆಕಿ ಏನ್ ಓದ್ತಾಳ?" ಎಂದು ಕೇಳಿದೆ.

"ಆಕಿಗೆಲ್ಲಾ ಬಾಯಾಗೈತಿ. ನೀವಾ ಇಟ್ಕೊರ್ರಿ ಅಂದ್ಲು."

"ಪರೀಕ್ಷಿ ಮುಗಿಯೋತನಾನೂ?"

"ಹೂಂ, ಮುಗಿಯೋತನಾನೂ."

ಇಷ್ಟು ಉದಾರ ಮನಸ್ಸು ಯಾತಕ್ಕೆ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲವೇ. ಅವಳ ಕಣ್ಣು ಇವರ ಮೇಲಿದೆ ಎಂದು ಗಟ್ಟಿ ಮಾಡಿಕೊಂಡೆ. ನೀರಿಗೆ ಹೋಗುವಾಗ ಬರುವಾಗ ಅವಳ ಮನೆಯ ಮುಂದೆ ಬೇಕೆಂದೇ ಸೆರಗು ಸರಿಮಾಡಿಕೊಳ್ಳುತ್ತ ನಿಲ್ಲುತ್ತಿದ್ದೆ. ಒಂದು ದಿನವೂ ಹೊರಗೆ ಕಾಣಲಿಲ್ಲ. ಕಳ್ಳಮನಸ್ಸು, ಅದಕ್ಕೇ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಇತ್ತ ಇವರು ದಿನಾ ಸಂಜೆ ಪಡಸಾಲೆಯಲ್ಲಿ ಕೂತು ಆ ಹಾಳೆಗಳನ್ನು ಹೂವು ಮುಟ್ಟಿದಂತೆ ಮುಟ್ಟಿ ತಿರುವುತ್ತಿದ್ದರು. ನನಗೆ ಮೈಯೆಲ್ಲ ಉರಿ. ಆದರೆ ಕಿತ್ತು ಒಲೆಗೆ ಹಾಕುವ ಹಾಗೂ ಇಲ್ಲ, ಬಳ್ಳಾರಿಯ ನನ್ನ ಒಲೆ ಆ ಹಾಳೆಗಳ ಮೇಲೇ ನಿಂತಿತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ನೋಟ್ಸು ಮನೆಯಲ್ಲಿರಬೇಕು, ಅವಳ ಕೈಬರಹ ಇರಬಾರದು.

"ಆ ಹುಡುಗಿ ಓದಾಕ ಬ್ಯಾಡೇನು, ಪಾಪ," ಎಂದೆ. "ನಾ ಎಲ್ಲಾ ನಕಲು ಮಾಡಿಕೊಡ್ತೀನಿ. ಅಸಲು ತಿರುಗಿ ಕೊಟ್ಟು ಬರ್ರಿ."

'ಪಾಪ' ಎನ್ನುವಾಗ ನಾನು ಹಲ್ಲು ಕಚ್ಚಿದ್ದು ಅವರಿಗೆ ಕಾಣಲಿಲ್ಲ. ಅವರಿಗೆ ಕಾಣದ ಸಂಗತಿಗಳು ಇನ್ನೂ ಎಷ್ಟೋ ಇದ್ದವು.

ಕಾಗದ ಎಲ್ಲಿಂದ ತರುವುದು? ನಮ್ಮ ಮದುವೆಗೆ ಮಾವನವರು ಬಳ್ಳಾರಿಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕಿಸಿದ್ದರು. ಗುಲಾಬಿ ಬಣ್ಣದ ದೊಡ್ಡ ಹಾಳೆ, ಒಂದೇ ಬದಿಗೆ ಅಚ್ಚು. ಹಂಚಿ ಉಳಿದದ್ದು ಒಂದು ಕಟ್ಟು ಅಟ್ಟದ ಮೇಲಿತ್ತು. ಅದನ್ನೇ ಇಳಿಸಿದೆ. ಕಾಗದದ ಬರಕ್ಕೆ ಬೇರೆ ದಾರಿ ಇರಲಿಲ್ಲ ಎಂದು ಅತ್ತೆಗೆ ಹೇಳಿದೆ. ನಿಜ ಅದಷ್ಟೇ ಅಲ್ಲ. ಒಂದೊಂದು ಪ್ರಮೇಯ ಓದಿ ಹಾಳೆ ಮಗುಚಿದಾಗಲೂ ಇವರ ಕಣ್ಣಿಗೆ ನನ್ನ ಹೆಸರು, ತಮ್ಮ ಹೆಸರು ಪಕ್ಕಪಕ್ಕದಲ್ಲಿ ಬೀಳಲಿ ಎಂದು ನನ್ನ ಲೆಕ್ಕಾಚಾರ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಬರೆಯಲು ಕೂಡುತ್ತಿದ್ದೆ. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅಕ್ಷರ ಬರುತ್ತಿತ್ತು, ಅರ್ಥ ಇಲ್ಲ. ಸುಮ್ಮನೆ ಒಂದೊಂದೇ ಇಳಿಸುತ್ತ ಹೋದೆ. ಚಿತ್ರಗಳಿಗೆ ಬಂದಾಗ ಮಾತ್ರ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವಳು ಬರೆದ ತ್ರಿಕೋಣಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಒಂದು ಬಲಕ್ಕೆ ವಾಲಿತ್ತು, ಇನ್ನೊಂದು ಎಡಕ್ಕೆ ಮೂತಿ ತಿರುವಿತ್ತು. ಭಲೇ, ಮುತ್ತಿನಂಥ ಅಕ್ಷರದ ಸರದಾರಿಣಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುವುದಿಲ್ಲ. ಕಂಪ್ಲಿಯಲ್ಲಿ ನಮ್ಮ ಮನೆಯ ಮುಂದಿನ ರಂಗೋಲಿ ನೋಡಲು ಪಕ್ಕದ ಓಣಿಯವರು ಬರುತ್ತಿದ್ದರು. ಅಂಥ ಕೈ ನನ್ನದು. ಒಂದೊಂದು ತ್ರಿಕೋಣವನ್ನೂ ತಿದ್ದಿದೆ. ಎರಡು ಕಡೆಯ ಗೆರೆ ಸಮಸಮ, ತುದಿ ನಟ್ಟನಡುವೆ, ಗುಡಿಯ ಶಿಖರದ ಹಾಗೆ. ಬರೆದು ಮುಗಿಸಿ ಗೋಡೆಗೆ ಒರಗಿಸಿಟ್ಟು ನೋಡಿ ಹಿಗ್ಗಿದೆ.

ಅಸಲನ್ನು ಇವರು ಹುಡುಗಿಯ ಅಪ್ಪನ ಕೈಯಲ್ಲಿ ಕೊಟ್ಟು ಬಂದರು. ಅಲ್ಲಿಂದ ನನ್ನ ನಕಲೇ ಪ್ರಮಾಣ. ಸಂಜೆ ನಾನು ಹಾಳೆ ಹಿಡಿದು ಕೂಡಬೇಕು, ಅವರು ಕಣ್ಣುಮುಚ್ಚಿ ಒಪ್ಪಿಸಬೇಕು, ತಪ್ಪಿದರೆ ನಾನು ಹೇಳಬೇಕು. ಅತ್ತೆಯೇ ಅಪ್ಪಣೆ ಕೊಟ್ಟಿದ್ದರಿಂದ ದೀಪ ಹಚ್ಚುವ ಮುಂಚೆಯೇ ಎದುರುಬದುರು ಕೂಡುವ ಭಾಗ್ಯ ಸಿಕ್ಕಿತು. ಹೊಟ್ಟೆಯ ಉರಿ ಸ್ವಲ್ಪ ತಣ್ಣಗಾಯಿತು.

ಒಂದು ಪ್ರಮೇಯ ಹೀಗಿತ್ತು: ತ್ರಿಕೋಣದ ಒಂದು ಬಾಹು ಇನ್ನೊಂದಕ್ಕಿಂತ ದೊಡ್ಡದಾದರೆ, ಆ ದೊಡ್ಡ ಬಾಹುವಿನ ಎದುರಿನ ಕೋನವೂ ದೊಡ್ಡದು. ಇವರು ಅದನ್ನು ಗಡಗಡ ಒಪ್ಪಿಸಿದರು. ನಾನು ಚಿತ್ರ ನೋಡಿದೆ. ಎರಡು ಬಾಹುವೂ ಒಂದೇ ಅಳತೆ. ದೊಡ್ಡದು ಎಲ್ಲಿದೆ ಎಂದು ಒಂದು ಗಳಿಗೆ ಅನುಮಾನ ಬಂತು. ಗಣಿತದಲ್ಲಿ ಹಾಗೇ ಇರಬೇಕು ಎಂದು ಸುಮ್ಮನಾದೆ. ಇವರಿಗೆ ಆ ಅನುಮಾನವೂ ಬರಲಿಲ್ಲ.

ಪರೀಕ್ಷೆಗೆ ಇನ್ನೊಂದು ವಾರವಿರಬೇಕು. ಅತ್ತೆ ಕಡಲೆಬೇಳೆ ಆರಿಸುತ್ತ ಕೂತವರು, "ಓಣಿ ತುದಿ ಹುಡುಗಿಗೆ ಲಗ್ನ ಗೊತ್ತಾಗೇತಿ. ನಾಳಿ ಹೋಳಿಗಿ ಮಾಡೂನು, ಕರದು ಉಡಿ ತುಂಬೂನು," ಎಂದರು. ಮದುವೆ ಗೊತ್ತಾದ ಹುಡುಗಿಯನ್ನು ಓಣಿಯ ಮನೆಗಳವರು ಒಬ್ಬೊಬ್ಬರಾಗಿ ಊಟಕ್ಕೆ ಕರೆದು, ಅಕ್ಕಿ, ಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿ ಕಳಿಸುವುದು ನಮ್ಮ ಕಡೆಯ ಪದ್ಧತಿ.

ಬದುಕಿದೆ ಎಂದುಕೊಂಡೆ. ನನಗೆ ಮೊದಲು ಆದದ್ದು ಸಂತೋಷವೇ, ಮುಚ್ಚುಮರೆ ಇಲ್ಲ. "ಲಗ್ನ ಯಾವಾಗರಿ ಅತ್ತಿ?" ಎಂದೆ.

"ಬರೋ ವಾರ, ಹಂಪ್ಯಾಗ. ಹುಡುಗ ಸಂಡೂರಿನ ಗಣಿ ಆಫೀಸಿನ್ಯಾಗ ಗುಮಾಸ್ತ."

"ಬರೋ ವಾರ ಆಕಿಗೆ ಪರೀಕ್ಷಿ ಅಲ್ಲೇನ್ರಿ?"

"ಲಗ್ನ ಆಗೋ ಹುಡುಗಿಗೆ ಯಾತರ ಪರೀಕ್ಷೆವ್ವ," ಎಂದು ಅತ್ತೆ ಮೊರವನ್ನು ಕೊಡವಿ ಎದ್ದರು.

ಸಂಜೆ ಇವರನ್ನು ಕೇಳಿದರೆ, "ಹೌದೇನು? ಆಕಿ ಸಾಲಿಗೆ ಬಂದು ಭಾಳ ದಿನ ಆತು. ಅವರಪ್ಪ ಬಿಡಿಸ್ಯಾನ," ಎಂದರು. ಇದನ್ನು ನನಗೆ ಮೊದಲೇ ಹೇಳಬೇಕೆಂದು ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ. ಕೈಯಲ್ಲಿದ್ದ ಲಟ್ಟಣಿಗೆಯನ್ನು ಎಸೆಯಬೇಕು ಅನಿಸಿತು. ನೋಟ್ಸು ಯಾಕೆ ಕೊಟ್ಟಳು, ಹೊರಗೆ ಯಾಕೆ ಕಾಣಲಿಲ್ಲ, ಎಲ್ಲಾ ಒಂದೇ ಸಲಕ್ಕೆ ತಿಳಿಯಿತು. ಅವಳಿಗೆ ಆ ಹಾಳೆಗಳಿಂದ ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

ಮರುದಿನ ಬಂದಳು. ಸಣ್ಣ ಮುಖ, ಕೈತುಂಬ ಹಸಿರು ಬಳೆ. ಲಕ್ಷಣವಾಗಿದ್ದಳು, ಅದಕ್ಕೂ ನನಗೆ ಒಂದಿಷ್ಟು ಉರಿಯಿತು. ಊಟವಾದ ಮೇಲೆ ಮಣೆಯ ಮೇಲೆ ಕೂಡಿಸಿದೆವು. ಅತ್ತೆ ಕುಂಕುಮ ಹಚ್ಚಿದರು, ನಾನು ಅವಳ ಸೆರಗಿನೊಳಗೆ ಅಕ್ಕಿ ಹಾಕಿ ಕಾಯಿ ಇಟ್ಟೆ. ಅತ್ತೆ ಎಲೆಅಡಿಕೆಯ ತಟ್ಟೆ ನಮ್ಮ ಮುಂದಿಟ್ಟು ಹಿತ್ತಲಿಗೆ ಹೋದರು.

"ನೋಟ್ಸು ನಕಲು ಮಾಡಿದೋರು ನೀವಾ ಅಂತಲ್ರಿ ಅಕ್ಕಾರ," ಎಂದಳು. "ಒಮ್ಮಿ ತೋರಸ್ರಿ."

ಕೊಂಚ ಜಂಬದಿಂದಲೇ ತಂದು ಮುಂದಿಟ್ಟೆ. ನೋಡಿದಳು. ಒಂದು ಹಾಳೆ ಮಗುಚಿದಳು, ಇನ್ನೊಂದು ಮಗುಚಿದಳು, ನನ್ನ ಮುಖ ನೋಡಿದಳು. ಹಿಂಬದಿಯಲ್ಲಿ ನಮ್ಮ ಲಗ್ನಪತ್ರಿಕೆ ಯಾಕಿದೆ ಎಂಬುದು ಅವಳಿಗೆ ಅರ್ಥವಾಯಿತು ಎಂದು ನನಗೂ ಅರ್ಥವಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅವಳು ಅದರ ಮಾತೇ ಎತ್ತಲಿಲ್ಲ.

"ಎಲ್ಲಾ ಚೊಲೋ ಬರದೀರಿ. ತ್ರಿಕೋಣ ಯಾಕ ನೆಟ್ಟಗ ಮಾಡೀರಿ?"

"ನೀವು ಸೊಟ್ಟ ಬರದಿದ್ರಿ," ಎಂದೆ ಬಿಗಿಯಾಗಿ.

"ಸೊಟ್ಟಾನಾ ಇರಬೇಕ್ರಿ." ತಟ್ಟೆಯಲ್ಲಿದ್ದ, ಅಡಿಕೆ ಕತ್ತರಿಸುವ ಅಡಕೊತ್ತನ್ನು ಎತ್ತಿಕೊಂಡಳು. ಅದರ ಬಾಯನ್ನು ಸ್ವಲ್ಪ ತೆರೆದು, ಎರಡು ತುದಿಗಳ ನಡುವಿನ ಅಂತರಕ್ಕೆ ಬೆರಳಿಟ್ಟು ತೋರಿಸಿದಳು. "ಬಾಯಿ ಇಷ್ಟು ತಗದ್ರ ಎದುರಿಗಿಂದು ಇಷ್ಟ. ಇನ್ನಾ ಅಗಲ ತಗದ್ರ ಎದುರಿಗಿಂದು ಇನ್ನಾ ದೊಡ್ಡದು. ಇದು ಸೊಟ್ಟ ಇದ್ರನಾ ಕಣ್ಣಿಗೆ ಕಾಣ್ತೈತಿ. ನೀವು ಎರಡೂ ಕಡಿ ಸಮ ಮಾಡೀರಿ, ಇದ್ರಾಗ ದೊಡ್ಡದು ಯಾವ್ದು ಅಂತ ಅವ್ರು ತೋರಸ್ಬೇಕು?"

ನನಗೆ ಬಂದಿದ್ದ ಅನುಮಾನವೂ ಅದೇ. ಅಡಕೊತ್ತನ್ನು ಅವಳ ಕೈಯಿಂದ ತೆಗೆದುಕೊಂಡು ನಾನೂ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಅಷ್ಟು ದಿನ ಬರೀ ಅಕ್ಷರವಾಗಿದ್ದದ್ದು ಅರ್ಥವಾಯಿತು. ಆಗ ಆದ ಹಿಗ್ಗನ್ನು ಅವಳಿಗೆ ತೋರಿಸಬಾರದೆಂದು ತಲೆ ತಗ್ಗಿಸಿದೆ.

ಅತ್ತೆಯ ಹೆಜ್ಜೆ ಸಪ್ಪಳ ಕೇಳಿತು. ಅವಳು ಉಡಿಯ ಅಕ್ಕಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಎದ್ದು, ಸಣ್ಣ ದನಿಯಲ್ಲಿ, "ಅಕ್ಕಾರ, ಅವ್ರು ಗಣಿತದ ಪರೀಕ್ಷಿ ಬರದು ಬಂದ ಮ್ಯಾಲೆ ಆ ಪ್ರಶ್ನಿ ಕಾಗದ ಒಗಿಬ್ಯಾಡ್ರಿ. ತಗದಿಡ್ರಿ. ನಾ ಪಂಚಮಿಗೆ ತವರಿಗೆ ಬಂದಾಗ ಒಮ್ಮಿ ನೋಡ್ತೀನಿ," ಎಂದಳು. ಆಗಲಿ ಎಂದೆ.

ಅವತ್ತೇ ಕೂತು ಎಲ್ಲಾ ತ್ರಿಕೋಣಗಳನ್ನೂ ಮತ್ತೆ ಸೊಟ್ಟ ಮಾಡಿದೆ. ಇವರು ಗೊಣಗಿದರು. ನಾನು ಅಡಕೊತ್ತು ಕೈಗೆ ಕೊಟ್ಟು, ಒಪ್ಪಿಸುವುದು ಸಾಕು, ತೋರಿಸಿ ಹೇಳಿರಿ ಎಂದು ಗಂಟುಬಿದ್ದೆ. ಗಣಿತದ ಪರೀಕ್ಷೆಯ ದಿನವೇ ಹಂಪಿಯಲ್ಲಿ ಅವಳ ಅರಿಷಿಣ. ಅತ್ತೆ ಬಂಡಿ ಕಟ್ಟಿಸಿಕೊಂಡು ಅದಕ್ಕೆ ಹೋದರು. ನಾನು ಹೋಗಲಿಲ್ಲ. ಸಂಜೆ ಇವರು ಬಂದ ಕೂಡಲೇ ಅಂಗಿಯ ಜೇಬಿನಿಂದ ಪ್ರಶ್ನೆಪತ್ರಿಕೆ ತೆಗೆದು ಹಪ್ಪಳದ ಡಬ್ಬಿಯಲ್ಲಿಟ್ಟೆ.

ಇವರು ಪಾಸಾದರು. ಅಂಚಿನಲ್ಲೇ, ಆದರೂ ಪಾಸು. ಮಾವನವರು ಪೇಡೆ ಹಂಚಿದರು. "ಆ ಹುಡುಗಿ ನೋಟ್ಸಿಂದ ದಡ ಮುಟ್ಟಿದ," ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ಬೆರಳು ಬಾವು ಬರುವ ಹಾಗೆ ಎರಡೆರಡು ಸಲ ಬರೆದವಳು ನಾನು. ನನ್ನ ಸುದ್ದಿ ಯಾರೂ ಎತ್ತಲಿಲ್ಲ. ಮತ್ತೆ ಉರಿಯಿತು. ಆದರೆ ಬಳ್ಳಾರಿಯ ನೌಕರಿ ಗೊತ್ತಾಗಿ, ಶ್ರಾವಣ ಮುಗಿದ ಮೇಲೆ ಹೊರಡುವುದೆಂದು ತೀರ್ಮಾನವಾದದ್ದರಿಂದ ನುಂಗಿಕೊಂಡೆ.

ಪಂಚಮಿಗೆ ಇನ್ನು ಎರಡು ಮೂರು ದಿನವಿತ್ತು. ನನ್ನ ಅಣ್ಣ ಕಂಪ್ಲಿಗೆ ಕರೆದೊಯ್ಯಲು ಇನ್ನೂ ಬಂದಿರಲಿಲ್ಲ. ನಾನು ಒಲೆಯ ಮುಂದೆ ಬೆಲ್ಲದ ಪಾಕ ಇಟ್ಟುಕೊಂಡು ಶೇಂಗಾ ಉಂಡೆ ಕಟ್ಟುತ್ತಿದ್ದೆ. ಅವಳು ಬಂದು ಬಾಗಿಲಲ್ಲಿ ನಿಂತಳು. ಕೊರಳಿಗೆ ತಾಳಿ ಬಂದಿತ್ತು, ಮುಖ ಇನ್ನಷ್ಟು ಸಣ್ಣದಾಗಿತ್ತು. "ಐತೇನ್ರಿ?" ಎಂದಳು, ಅಷ್ಟೇ.

ಪ್ರಶ್ನೆಪತ್ರಿಕೆ ಕೊಟ್ಟೆ. ಬರೆಯಲು ಉಳಿದ ಲಗ್ನಪತ್ರಿಕೆಗಳನ್ನೂ ಒಂದು ಮೋಟು ಪೆನ್ಸಿಲನ್ನೂ ಕೊಟ್ಟೆ. ಅಡಿಗೆಮನೆಯ ನೆಲದ ಮೇಲೆ ಕೂತು ಬರೆಯತೊಡಗಿದಳು. ತಲೆ ಎತ್ತಲಿಲ್ಲ, ಒಂದು ಗೆರೆಯನ್ನೂ ಅಳಿಸಲಿಲ್ಲ. ನಮ್ಮವರಿಗೆ ಆ ಕಾಗದದ ಮುಂದೆ ಮಧ್ಯಾಹ್ನವೆಲ್ಲ ಸಾಲದಾಗಿತ್ತು. ಇವಳು ನನ್ನ ಪಾಕ ಆರುವುದರೊಳಗೆ ಹಾಳೆಯ ಮೇಲೆ ಹಾಳೆ ಸರಿಸುತ್ತಿದ್ದಳು. ನೋಡುತ್ತ ನೋಡುತ್ತ ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಮೆಣಸಿನಕಾಯಿ. ಎಂದಿಗಿಂತ ಜೋರಾಗಿತ್ತು, ಆದರೆ ಈ ಸಲ ಗಂಡನ ಸಲುವಾಗಿ ಅಲ್ಲ. ಬಳ್ಳಾರಿಯ ಒಲೆ ನನ್ನದಾಗಿತ್ತು, ಆದರೂ ಆ ಗಳಿಗೆಯಲ್ಲಿ ನನಗೆ ಬೇಕಾದದ್ದು ಅವಳ ಕೈಯಲ್ಲಿದ್ದ ಆ ಮೋಟು ಪೆನ್ಸಿಲು.

ಕೊನೆಯ ಪ್ರಶ್ನೆಗೆ ಬಂದು ನಿಂತಳು. "ಇದನ್ನ ಅವ್ರು ಮಾಡ್ಯಾರೇನ್ರಿ?"

"ಇಲ್ಲ. ಬಿಟ್ಟು ಬಂದಾರ."

ನನ್ನ ಮುಖವನ್ನೇ ನೋಡಿದಳು. ಏನು ಕಂಡಿತೋ, ಹಾಳೆಯನ್ನು ತಿರುಗಿಸಿ ನನ್ನ ಕಡೆ ಸರಿಸಿ, ಪೆನ್ಸಿಲನ್ನು ಅದರ ಮೇಲಿಟ್ಟಳು. "ನೀವು ನೋಡ್ರಿ," ಎಂದಳು.

ಕೈಗೆ ಬೆಲ್ಲ ಮೆತ್ತಿತ್ತು. ಸೆರಗಿಗೆ ಒರೆಸಿಕೊಂಡು ಒಂದು ತ್ರಿಕೋಣ ಬರೆದೆ, ಸೊಟ್ಟಗೆ. ಅವಳು ಪ್ರಶ್ನೆ ಓದಿ ಹೇಳಿದಳು. ಇಬ್ಬರೂ ಅದರ ಮೇಲೆ ಬಗ್ಗಿ ಕೂತೆವು. ಅಷ್ಟರಲ್ಲಿ ಪಾಸಾದವರು ಪಡಸಾಲೆಯಿಂದ, ಉಂಡೆ ಆದುವೇನು, ಎಂದು ಕೂಗಿ ಕೇಳಿದರು.